ಹಳಿ ಬರಲಿ, ಹಳ್ಳಕ್ಕೂ ದಾರಿ ಇರಲಿ

ಸಂಪಾದಕರಿಗೆ,

ಮಾನ್ಯರೇ,

ಮಳೆಗಾಲ ಬಂತೆಂದರೆ ವಿಜಯಪುರ ಜಿಲ್ಲೆಯ ಪುಟದಲ್ಲಿ ಎರಡು ಸುದ್ದಿ ತಪ್ಪುವುದಿಲ್ಲ. ತಾಳಿಕೋಟೆ ಹತ್ತಿರ ಹಡಗಿನಾಳದ ಸೇತುವೆ ಡೋಣಿ ನದಿಯ ನೀರಿಗೆ ಮುಳುಗಿತು ಎಂಬುದು ಒಂದು. ಭೀಮಾ ದಂಡೆಯ ಇಂಡಿ, ಚಡಚಣ, ಆಲಮೇಲ ಕಡೆ ಹೊಲಗಳಿಗೆ ನೀರು ನುಗ್ಗಿತು ಎಂಬುದು ಇನ್ನೊಂದು. 2020ರ ಅಕ್ಟೋಬರಿನಲ್ಲೂ 2025ರ ಸೆಪ್ಟೆಂಬರಿನಲ್ಲೂ ಭೀಮಾ ಏನು ಮಾಡಿತೆಂದು ಎಲ್ಲರೂ ನೋಡಿದ್ದಾರೆ. ಮಂತ್ರಿಗಳು ಬಂದರು, ಬೋಟು ಬಂತು, ಫೋಟೊ ಬಂತು. ಆದರೆ ನದಿಯಿಂದ ಮೈಲುಗಟ್ಟಲೆ ದೂರವಿದ್ದು, ನದಿಯ ಒಂದು ಹನಿ ನೀರೂ ಬಾರದೆ ಮುಳುಗುವ ಹೊಲಗಳಿವೆ. ಅವುಗಳ ಸುದ್ದಿಯನ್ನು ನಾನು ಯಾವ ಪತ್ರಿಕೆಯಲ್ಲೂ ಓದಿಲ್ಲ. ಅವು ರೈಲು ಹಳಿಯ ಒಡ್ಡಿಗೆ ಹತ್ತಿದ, ಮೇಲ್ಮಗ್ಗಲಿನ, ಅಂದರೆ ನೀರು ಹರಿದು ಬರುವ ಕಡೆಯ ಎರೆ ಹೊಲಗಳು. ನನ್ನದೂ ಅಂಥ ಹೊಲವೇ.

ಮೊದಲೇ ಹೇಳಿಬಿಡುತ್ತೇನೆ, ನಾನು ರೈಲ್ವೆಯ ಅನ್ನ ಉಂಡವನು. ಹಳಿ ದುರಸ್ತಿಯ ಗ್ಯಾಂಗ್‌ಮನ್ ಆಗಿ ಸೇರಿ, ಹಳಿಯ ಗುಂಟ ನಡೆದು ತಪಾಸಣೆ ಮಾಡುವ ಕೀಮನ್ ಆಗಿ ನಿವೃತ್ತನಾದೆ. ಆ ಪಗಾರದಲ್ಲೇ ಮಕ್ಕಳು ಓದಿದರು, ಪಿಂಚಣಿ ಇವತ್ತಿಗೂ ಬರುತ್ತದೆ. ಹಾಗಾಗಿ ಹಳಿಯೇ ಬೇಡ ಎನ್ನುವವರ ಸಾಲಿನಲ್ಲಿ ನನ್ನನ್ನು ನಿಲ್ಲಿಸಬೇಡಿ. ಸೊಲ್ಲಾಪುರ ಹತ್ತಿರದ ಹೋಟಗಿಯಿಂದ ಗದಗಿನವರೆಗಿನ 284 ಕಿ.ಮೀ. ಜೋಡಿ ಹಳಿ ಆಗಲೇಬೇಕಿತ್ತು. ಒಂಟಿ ಹಳಿಯ ಕಾಲದಲ್ಲಿ ಕ್ರಾಸಿಂಗಿಗೆಂದು ಸಣ್ಣ ಸ್ಟೇಷನ್ನಿನಲ್ಲಿ ನಿಂತ ಪ್ಯಾಸೆಂಜರ್ ಗಾಡಿಯೊಳಗೆ ಬೆವರು ಒರೆಸಿಕೊಂಡವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಕೂಡಗಿಯ 2,400 ಮೆಗಾವಾಟ್ ಸ್ಥಾವರಕ್ಕೂ ಕಲ್ಲಿದ್ದಲು ಹೋಗಬೇಕು. ನನ್ನ ತಕರಾರು ಹಳಿಯ ಮೇಲಲ್ಲ, ಹಳಿಯ ಕೆಳಗಿನ ಕಿಂಡಿಗಳ ಮೇಲೆ.

ನಮ್ಮ ಸೀಮೆಯ ನೀರು ಹೆಚ್ಚಾಗಿ ಪಡುವಲದಿಂದ ಮೂಡಲಕ್ಕೆ ಹರಿಯುತ್ತದೆ. ಭೀಮಾ, ಡೋಣಿ, ಕೃಷ್ಣಾ ಮೂರೂ ಹಾಗೆಯೇ. ಹಳಿ ಇರುವುದು ಬಡಗಣದಿಂದ ತೆಂಕಣಕ್ಕೆ. ಅಂದರೆ ಹರಿವ ನೀರಿಗೆ ಅಡ್ಡವಾಗಿ ಜಿಲ್ಲೆಯುದ್ದಕ್ಕೂ ಒಂದು ಮಣ್ಣಿನ ಕಟ್ಟೆ ಇದೆ. ದೊಡ್ಡ ಹೊಳೆಗಳಿಗೆ ಸೇತುವೆ ಇದೆ, ಅದರ ಬಗ್ಗೆ ದೂರಿಲ್ಲ. ಆದರೆ ನಮ್ಮಲ್ಲಿ ವರ್ಷದ ಹತ್ತು ತಿಂಗಳು ಒಣಗಿರುವ, ಹೆಸರೂ ಇಲ್ಲದ ಹಳ್ಳಗಳು ಎಷ್ಟೋ ಇವೆ. ಅದಕ್ಕಿಂತ ಹೆಚ್ಚಾಗಿ, ಹಳ್ಳವೆಂದು ನಕಾಶೆಯಲ್ಲಿ ಗೆರೆ ಕೂಡ ಇಲ್ಲದ, ಒಂದು ಒಡ್ಡಿನ ಬಾಯಿಯಿಂದ ಮುಂದಿನ ಒಡ್ಡಿಗೆ, ಅಲ್ಲಿಂದ ಇನ್ನೊಬ್ಬರ ಹೊಲಕ್ಕೆ ತಲೆಮಾರಿನಿಂದ ಇಳಿದುಬಂದ ನೀರಿನ ದಾರಿಗಳಿವೆ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ಜಿಲ್ಲೆ ಇದು, ಬರಗಾಲದ ಸೀಮೆ. ಇಲ್ಲಿ ಮಹಾಪೂರ ಎಲ್ಲಿಂದ ಬಂತು ಎಂದು ಹೊರಗಿನವರು ಕೇಳುತ್ತಾರೆ. ವರ್ಷದ ಮಳೆಯ ದೊಡ್ಡ ಪಾಲು ಉತ್ತರಿ, ಹಸ್ತದ ನಾಲ್ಕು ದಿನದಲ್ಲಿ ಸುರಿದುಬಿಟ್ಟರೆ, ಎರೆ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಂಡು ನೀರು ಕುಡಿಯುವುದನ್ನೇ ನಿಲ್ಲಿಸುತ್ತದೆ. ಆಮೇಲೆ ಬಿದ್ದದ್ದೆಲ್ಲ ಮೇಲೆಯೇ ಹರಿಯಬೇಕು. ಹರಿದು ಹಳಿಯ ಒಡ್ಡಿಗೆ ಬಂದು ನಿಲ್ಲುತ್ತದೆ.

1880ರ ದಶಕದಲ್ಲಿ ಬ್ರಿಟಿಷರು ಈ ಮಾರ್ಗ ಹಾಕಿದ್ದು ಬರಗಾಲಕ್ಕೆಂದೇ. 1876–78ರ ಬರದಲ್ಲಿ ಜನ ಸತ್ತ ಮೇಲೆ ಕಾಳು ಸಾಗಿಸಲು ಹಳಿ ಬೇಕಾಯಿತು. ಆಗ ಮೀಟರ್ ಗೇಜ್, ಒಡ್ಡು ಕಿರಿದು, ಕೆಳಗೆ ಕಲ್ಲಿನ ಕಮಾನಿನ ಮೋರಿಗಳು. ಆ ಮೋರಿಗಳನ್ನು ನಾನು ಬ್ಯಾಟರಿ ಹಿಡಿದು ರಾತ್ರಿ ಪಾಳಿಯಲ್ಲಿ ನೋಡಿದವನು, ಒಬ್ಬ ಮನುಷ್ಯ ಬಾಗಿ ನಡೆದು ಹೋಗುವಷ್ಟು ಎತ್ತರ ಇದ್ದವು. ಬ್ರಾಡ್ ಗೇಜ್ ಬಂತು, ಒಡ್ಡು ಅಗಲವಾಯಿತು. ಜೋಡಿ ಹಳಿ ಬಂತು, ಪಕ್ಕದಲ್ಲಿ ಇನ್ನೊಂದು ಒಡ್ಡು ಎದ್ದಿತು. ಕೆಲವು ಕಡೆ ಹಳೆಯ ಮೋರಿಗೆ ಮುಂದೆ ಪೈಪು ಜೋಡಿಸಿ ಉದ್ದ ಮಾಡಿದ್ದಾರೆ. ಕಮಾನಿನೊಳಗೆ ಬಂದ ನೀರು ಪೈಪಿನ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಎರೆ ಹೊಲದ ರಾಡಿ, ಕಬ್ಬಿನ ರವದಿ, ಕಡಿದು ಒಗೆದ ಜಾಲಿ ಕಂಟಿ ಎಲ್ಲ ಅಲ್ಲೇ ಬಂದು ಕೂಡುತ್ತವೆ. ಎರಡು ಒಡ್ಡಿನ ನಡುವೆ ಸಿಕ್ಕ ನೀರಿಗಂತೂ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. ಸೊಳ್ಳೆ, ಆಪು ಬೆಳೆದು ಚಳಿಗಾಲದವರೆಗೆ ನಿಂತಿರುತ್ತದೆ.

ನಮ್ಮ ಊರಿನ ಹತ್ತಿರ ಕೆಲಸ ನಡೆದಾಗ ನಾನು ಸ್ಥಳಕ್ಕೆ ಹೋಗಿದ್ದೆ. ಊರಿನ ಹೆಸರನ್ನಾಗಲಿ ಗುತ್ತಿಗೆದಾರರ ಹೆಸರನ್ನಾಗಲಿ ಬರೆಯುವುದಿಲ್ಲ, ಒಬ್ಬರನ್ನು ಬೈದು ನನಗೆ ಆಗಬೇಕಾದ್ದೇನೂ ಇಲ್ಲ. ಮೈಸೂರು ಕಡೆಯ ಮಾತಿನ ಹುಡುಗ ಎಂಜಿನಿಯರ್ ಒಬ್ಬರು ನಕಾಶೆ ಹರವಿಕೊಂಡು ನಿಂತಿದ್ದರು. "ಸಾಹೇಬ್ರ, ಇಲ್ಲೊಂದು ಹಳ್ಳ ಐತ್ರಿ, ಬಾಯಿ ಬಿಡ್ರಿ" ಎಂದೆ. "ಡ್ರಾಯಿಂಗಲ್ಲಿ ಇಲ್ಲಿ ಹಳ್ಳ ಇಲ್ವಲ್ಲಾ ಯಜಮಾನ್ರೇ" ಎಂದರು. ಸರ್ವೇ ಯಾವಾಗ ಮಾಡಿದಿರಿ ಎಂದು ಕೇಳಿದರೆ ಮಾರ್ಚ್, ಏಪ್ರಿಲ್ ಅಂತೆ. "ಹಂಗಾರ ಹಸ್ತ ಮಳಿ ಬಂದಾಗ ಆ ಡ್ರಾಯಿಂಗ್ ನೀರಿಗೇ ತೋರಸ್ರಿ" ಎಂದೆ. ಅವರೂ ನಕ್ಕರು, ನಾನೂ ನಕ್ಕೆ. ಹುಡುಗ ಕೆಟ್ಟವನಲ್ಲ. ಅವನ ಕೈಯಲ್ಲಿ ಇದ್ದದ್ದು ಒಂದು ಹಾಳೆ, ಆ ಹಾಳೆ ಮಾಡಿದವರು ಹಳ್ಳ ನೋಡಿದ್ದು ಬೇಸಿಗೆಯಲ್ಲಿ. ಒಡ್ಡಿನಲ್ಲಿ ನೀರಿಗೆ ಬಾಯಿ ಬಿಡಲಿಲ್ಲ. ಅದೇ ವರ್ಷ ಮೇಲ್ಮಗ್ಗಲಿನ ತೊಗರಿ ಹೋಯಿತು. ತೊಗರಿ ಬೇರು ಎರಡು ದಿನ ನೀರಲ್ಲಿ ನಿಂತರೆ ಸಾಕು, ಗಿಡ ಬಾಡಿ ನೇತುಬೀಳುತ್ತದೆ, ಆಮೇಲೆ ಏನು ಮಾಡಿದರೂ ಏಳುವುದಿಲ್ಲ. ತೊಗರಿ ಹೋದರೆ ಹೋಗಲಿ, ಹಿಂಗಾರಿಗೆ ಬಿಳಿಜೋಳವಾದರೂ ಹಾಕೋಣ ಎಂದರೆ ಹೊಲ ಹದಕ್ಕೆ ಬರಬೇಕಲ್ಲ. ಚಿತ್ತಿ ಮಳೆ ಮುಗಿದರೂ ಎತ್ತಿನ ಕಾಲು ಹೂಳುತ್ತಿದ್ದರೆ ಕೂರಿಗೆ ಎಲ್ಲಿ ಹೂಡುವುದು? ಒಂದು ಕಿಂಡಿ ಬಿಡದ್ದಕ್ಕೆ ಎರಡು ಪೀಕು. ಮೇಲಾಗಿ ಡೋಣಿ ಸೀಮೆಯ ಮಣ್ಣಲ್ಲಿ ಉಪ್ಪಿದೆ. ನೀರು ನಿಂತು ಆರಿದಲ್ಲಿ ಬಿಳಿ ಪೊರೆ ಏಳುತ್ತದೆ. ಸವಳು ಬಿದ್ದ ನೆಲ ಮತ್ತೆ ಜೋಳಕ್ಕೆ ಬರಲು ಎಷ್ಟು ವರ್ಷ ಬೇಕೆಂದು ಮುಧೋಳ, ಜಮಖಂಡಿ ಕಡೆಯ ಕಬ್ಬಿನ ರೈತರನ್ನು ಕೇಳಿ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂದು ಹಿರಿಯರು ಹೇಳುತ್ತಿದ್ದ ನೆಲ ಇದು.

ಈಗ ರೈಲ್ವೆಯವರಿಗೂ ಒಂದು ಮಾತು. ಈ ನೀರು ರೈತನನ್ನಷ್ಟೇ ಕೆಡಿಸುವುದಿಲ್ಲ. ಎರೆ ನೆಲದ ಮೇಲಿನ ಒಡ್ಡಿನ ಬುಡದಲ್ಲಿ ವಾರಗಟ್ಟಲೆ ನೀರು ನಿಂತರೆ ಬುಡ ಮೆತ್ತಗಾಗುತ್ತದೆ, ಮಗ್ಗಲು ಜಾರುತ್ತದೆ, ಖಡಿ ಮಣ್ಣಲ್ಲಿ ಇಳಿದು ಹಳಿ ಒಂದು ಕಡೆ ತಗ್ಗುತ್ತದೆ. ಕೀಮನ್ ಆದವನು ಹೆಜ್ಜೆ ಇಟ್ಟಾಗಲೇ ಇದನ್ನು ತಿಳಿಯುತ್ತಾನೆ. ಆಮೇಲೆ ಕಾಷನ್ ಹಾಕಿ ಗಾಡಿ ನಿಧಾನ ಓಡಿಸಬೇಕು, ಗ್ಯಾಂಗಿನವರು ಮಳೆಯಲ್ಲಿ ನೆನೆಯುತ್ತ ಖಡಿ ತುಂಬಬೇಕು. 2005ರ ಅಕ್ಟೋಬರಿನಲ್ಲಿ ಆಗಿನ ಆಂಧ್ರದ ವಲಿಗೊಂಡದ ಹತ್ತಿರ ಕೆರೆ ಒಡೆದ ನೀರು ಸಣ್ಣ ಸೇತುವೆಯನ್ನು ಕೊಚ್ಚಿ, ಬೆಳಗಿನ ಜಾವ ಪ್ಯಾಸೆಂಜರ್ ಗಾಡಿ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು. ನಮ್ಮ ಕಡೆಯ ಪ್ರತಿ ಗ್ಯಾಂಗಿನಲ್ಲೂ ಆಗ ಅದರದೇ ಮಾತು.

ರೈಲ್ವೆಯಲ್ಲಿ ಒಂದು ಪಟ್ಟಿ ಇರುತ್ತದೆ. ಹಳಿಯ ಮೇಲ್ಭಾಗದಲ್ಲಿ ಯಾವ ಯಾವ ಕೆರೆ, ಬಾಂದಾರ ಒಡೆದರೆ ಹಳಿಗೆ ಅಪಾಯ ಎಂಬ ಪಟ್ಟಿ. ರಾಜ್ಯ ಸರ್ಕಾರದ ಅಧಿಕಾರಿಗಳನ್ನು ಕೂಡಿಸಿಕೊಂಡು ಅವನ್ನು ಜಂಟಿಯಾಗಿ ನೋಡಬೇಕೆಂಬ ನಿಯಮವೂ ಇದೆ. ಒಳ್ಳೆಯ ನಿಯಮ, ಜೀವ ಉಳಿಸುವ ನಿಯಮ. ಆದರೆ ರೈತನ ನೀರಿನಿಂದ ಹಳಿಗೆ ಏನಾಗಬಹುದು ಎಂದು ಬರೆದಿಡುವವರು, ಹಳಿಯಿಂದ ರೈತನ ಹೊಲಕ್ಕೆ ಏನಾಗುತ್ತದೆ ಎಂದು ಯಾವ ರಿಜಿಸ್ಟರಿನಲ್ಲೂ ಬರೆಯುವುದಿಲ್ಲ. ಆ ಎರಡನೆಯ ರಿಜಿಸ್ಟರ್ ಬೇಕು. ಈ ಪತ್ರ ಬರೆಯುತ್ತಿರುವುದೇ ಅದಕ್ಕೆ.

ಪರಿಸರ ಕಾನೂನು ಇದನ್ನು ನೋಡಿಕೊಳ್ಳುವುದಿಲ್ಲವೇ ಎಂದು ಓದುಗರು ಕೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆ. ನನ್ನ ತಂಗಿಯ ಮಗಳು ವಕೀಲಿಕೆ ಮಾಡುತ್ತಾಳೆ, ಅವಳು ತೆಗೆದು ತೋರಿಸಿದಳು: 2006ರ ಸೆಪ್ಟೆಂಬರಿನ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಹೆದ್ದಾರಿ ಇದೆ, ವಿಮಾನ ನಿಲ್ದಾಣ ಇದೆ, ಬಂದರು ಇದೆ, ದೊಡ್ಡ ಕಟ್ಟಡ ಇದೆ. ರೈಲು ಮಾರ್ಗ ಇಲ್ಲ. ಹೊಸ ಹಳಿ ಹಾಕಲು ಆ ಅಧಿಸೂಚನೆಯಡಿ ಅನುಮತಿ ಬೇಡ. ಅನುಮತಿ ಬೇಡವಾದ ಮೇಲೆ ನೀರು ಎಲ್ಲಿಗೆ ಹೋಗುತ್ತದೆಂಬ ಅಧ್ಯಯನವೂ ಬೇಡ, ಊರ ಮುಂದೆ ಸಾರ್ವಜನಿಕ ಅಹವಾಲು ಸಭೆಯೂ ಬೇಡ. ಕಾಡಿನಲ್ಲಾದರೆ ಕಥೆ ಬೇರೆ. ಗೋವಾ ಕಡೆಗೆ ಹೋಗುವ ತಿನೈಘಾಟ್–ಕ್ಯಾಸಲ್‌ರಾಕ್–ಕುಳೆ ಜೋಡಿ ಹಳಿಗೆ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಕೊಟ್ಟ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದು ಮಾಡಿತು. ಘಟ್ಟದ ಕಾಡು ಉಳಿಯಲಿ, ನನಗೆ ಸಂತೋಷವೇ. ಆದರೆ ಹುಲಿಗೆ ಒಂದು ಮಂಡಳಿ ಇದೆ, ಮರಕ್ಕೆ ಒಂದು ಕಾಯ್ದೆ ಇದೆ, ಜೋಳದ ಹೊಲಕ್ಕೆ ಯಾರಿದ್ದಾರೆ?

ಮಣ್ಣಿನ ಮಾತೂ ಇದೆ. ಇಷ್ಟು ಎತ್ತರದ ಒಡ್ಡಿಗೆ ಗರಸು ಎಲ್ಲಿಂದಲೋ ಅಗೆದೇ ತರಬೇಕು. ರಸ್ತೆ, ಪೈಪ್‌ಲೈನಿನಂಥ ಉದ್ದುದ್ದ ಕಾಮಗಾರಿಗೆ ಮಣ್ಣು ಅಗೆಯಲು ಪರಿಸರ ಅನುಮತಿಯೇ ಬೇಡ ಎಂದು ಕೇಂದ್ರ 2020ರ ಮಾರ್ಚಿನಲ್ಲಿ, ಲಾಕ್‌ಡೌನಿನ ಗದ್ದಲದಲ್ಲಿ, ವಿನಾಯಿತಿ ಕೊಟ್ಟಿತು. ಸುಪ್ರೀಂ ಕೋರ್ಟ್ 2024ರ ಮಾರ್ಚ್ 21ರಂದು ಅದನ್ನು ಹೊಡೆದುಹಾಕಿತು. ಎಷ್ಟು ಮಣ್ಣು, ಎಲ್ಲಿಂದ, ಹೇಗೆ ಎಂಬ ಮಿತಿಯೇ ಇಲ್ಲದ ವಿನಾಯಿತಿ ಅದು ಎಂಬುದು ಕೋರ್ಟಿನ ಆಕ್ಷೇಪ. ಆ ನಾಲ್ಕು ವರ್ಷದಲ್ಲಿ ಯಾವ ಯಾವ ಗುಡ್ಡದ ಇಳಿಜಾರು ಕರಗಿತೋ, ಯಾವ ಹಳ್ಳ ದಿಕ್ಕು ಬದಲಿಸಿತೋ ಲೆಕ್ಕ ಇಟ್ಟವರು ಯಾರು?

ಹಾಗಾದರೆ ರೈತನ ಕೈಯಲ್ಲಿ ಏನೂ ಇಲ್ಲವೇ? ಇದೆ. ಅದು ಪರಿಸರ ಇಲಾಖೆಯ ಕಪಾಟಿನಲ್ಲಿಲ್ಲ, ರೈಲ್ವೆಯ ಕಾಯ್ದೆಯಲ್ಲೇ ಇದೆ. 1989ರ ರೈಲ್ವೆ ಕಾಯ್ದೆಯ 16ನೇ ಕಲಂ ಪ್ರಕಾರ, ಹಳಿ ಹಾಕುವ ಮೊದಲು ಅಕ್ಕಪಕ್ಕದ ಜಮೀನಿನಿಂದ ನೀರು ಎಷ್ಟು ಸರಾಗವಾಗಿ ಹರಿಯುತ್ತಿತ್ತೋ, ಹಾಕಿದ ಮೇಲೂ ಎಲ್ಲ ಕಾಲದಲ್ಲೂ ಆದಷ್ಟು ಅಷ್ಟೇ ಸರಾಗವಾಗಿ ಹರಿಯುವಂತೆ ಸೇತುವೆ, ಮೋರಿ, ಚರಂಡಿಗಳನ್ನು ರೈಲ್ವೆ ತನ್ನ ಖರ್ಚಿನಲ್ಲಿ ಮಾಡಿಕೊಡಬೇಕು, ನೋಡಿಕೊಳ್ಳಬೇಕು. ಅವು ಎಷ್ಟು ಅಗಲ ಎಷ್ಟು ಎತ್ತರ ಇದ್ದರೆ ಸಾಕು ಎಂದು ಯಾರು ಹೇಳಬೇಕು? ರೈಲ್ವೆ ಅಲ್ಲ, ಗುತ್ತಿಗೆದಾರ ಅಲ್ಲ. ರಾಜ್ಯ ಸರ್ಕಾರದ ಅಭಿಪ್ರಾಯದಂತೆ ಎಂದು ಅಲ್ಲಿ ಬರೆದಿದೆ. ಅಂದರೆ ನಮ್ಮ ವಿಧಾನಸೌಧ, ನಮ್ಮ ಡಿಸಿ ಕಚೇರಿ. ಇಷ್ಟು ದೊಡ್ಡ ಅಧಿಕಾರ ಕೈಯಲ್ಲಿದ್ದೂ ರಾಜ್ಯದವರು ಜಮೀನು ಸ್ವಾಧೀನ ಮಾಡಿಕೊಟ್ಟು, ಚೆಕ್ ಹಂಚಿ, ಕೈ ತೊಳೆದುಕೊಳ್ಳುತ್ತಾರೆ. ಅಭಿಪ್ರಾಯ ಕೊಡಬೇಕಾದವರೇ ಬಾಯಿ ತೆರೆಯದಿದ್ದರೆ ಮೋರಿಯ ಬಾಯಿ ತೆರೆಯುವವರು ಯಾರು?

ಆ ಕಲಮಿನಲ್ಲಿ ಎರಡು ಕೊಕ್ಕೆ ಇವೆ, ಹಳಿ ಬರುವ ಊರಿನವರು ತಿಳಿದಿರಲಿ. ಮೊದಲನೆಯದು, ಇಂಥ ಮೋರಿ, ದಾರಿ ನಮಗೆ ಬೇಡ ಎಂದು ಒಪ್ಪಿ ಅದರ ಬದಲಿಗೆ ಹಣ ತೆಗೆದುಕೊಂಡಿದ್ದರೆ ಆಮೇಲೆ ಕೇಳುವ ಹಕ್ಕಿಲ್ಲ. ಪರಿಹಾರದ ದಿನ ಟೆಂಟಿನ ಕೆಳಗೆ ಗಡಿಬಿಡಿಯಲ್ಲಿ ಹೆಬ್ಬೆಟ್ಟು ಒತ್ತುವ ಕಾಗದಗಳಲ್ಲಿ ಏನಿದೆ ಎಂದು ಓದಿಸಿ ಕೇಳಿಕೊಳ್ಳಿ. ಎರಡನೆಯದು, ಮಾರ್ಗದಲ್ಲಿ ಮೊದಲ ಬಾರಿ ಗಾಡಿ ಓಡಿ ಹತ್ತು ವರ್ಷ ಕಳೆದ ಮೇಲೆ ಹೆಚ್ಚಿನ ಮೋರಿ ಮಾಡಿಕೊಡುವ ಹೊಣೆ ರೈಲ್ವೆಯದಲ್ಲ. ಆಮೇಲೆ ಬೇಕೆಂದರೆ 17ನೇ ಕಲಮಿನಡಿ ಜಮೀನಿನವರೋ ರಾಜ್ಯ ಸರ್ಕಾರವೋ ಪಂಚಾಯಿತಿಯೋ ದುಡ್ಡು ಕಟ್ಟಿ ಮಾಡಿಸಿಕೊಳ್ಳಬೇಕು. ಹಳೆಯ ಹಳಿಯ ಹತ್ತು ವರ್ಷ ಬ್ರಿಟಿಷರ ಕಾಲಕ್ಕೇ ಮುಗಿದಿದೆ ಎಂದು ಯಾರಾದರೂ ವಾದಿಸಬಹುದು. ಪಕ್ಕದಲ್ಲಿ ಎದ್ದ ಎರಡನೆಯ ಒಡ್ಡು ಬ್ರಿಟಿಷರದಲ್ಲವಲ್ಲ. ಅದಕ್ಕೆ ಹೊಸ ಲೆಕ್ಕ ಹಿಡಿಯಬೇಕೆಂದು ರಾಜ್ಯ ಸರ್ಕಾರ ಗಟ್ಟಿಯಾಗಿ ಕೇಳಬೇಕು.

ಜೋಡಿ ಹಳಿ ಆಗಿಹೋಗಿದೆ, ಈಗ ಯಾಕೆ ಗೋಳು ಎನ್ನುವವರಿಗೆ ಪಕ್ಕದ ಎರಡು ಮಾರ್ಗ ತೋರಿಸುತ್ತೇನೆ. 2010–11ರ ಬಜೆಟ್ಟಿನಲ್ಲಿ ಬಂದ, 142 ಕಿ.ಮೀ.ನ ಬಾಗಲಕೋಟೆ–ಕುಡಚಿ ಮಾರ್ಗ. ಖಜ್ಜಿಡೋಣಿವರೆಗಿನ ಹಳಿ ಮೊದಲೇ ಬಿದ್ದಿದೆ, ಮುಂದಿನದು ಘಟಪ್ರಭಾ, ಕೃಷ್ಣಾ ಸೀಮೆಯ ನೀರಾವರಿ ಹೊಲಗಳ ನಡುವೆ ಹಾಯಬೇಕು. 2019ರ ಆಗಸ್ಟಿನಲ್ಲಿ ಆ ಸೀಮೆ ಹೇಗೆ ಸಮುದ್ರವಾಗಿತ್ತೆಂದು ಮರೆಯುವ ಹಾಗಿಲ್ಲ. ಇನ್ನೊಂದು, ದಿವಂಗತ ಸುರೇಶ ಅಂಗಡಿಯವರು ರೈಲ್ವೆ ರಾಜ್ಯ ಸಚಿವರಾಗಿದ್ದಾಗ ಓಡಾಡಿ ತಂದ ಬೆಳಗಾವಿ–ಕಿತ್ತೂರು–ಧಾರವಾಡ ಮಾರ್ಗ, 73 ಕಿ.ಮೀ. ಅಲ್ಲಿ ಫಲವತ್ತಾದ ಜಮೀನು ಹೋಗುತ್ತದೆಂದು ರೈತರು ತಕರಾರು ತೆಗೆದಿದ್ದಾರೆ. ಆ ಅಣ್ಣತಮ್ಮಂದಿರಿಗೆ ನನ್ನ ಕಿವಿಮಾತು: ಹಳಿಗೆ ಹೋಗುವ ಜಮೀನಿಗೆ ಎಷ್ಟು ದರ ಎಂದು ಜಗಳಾಡುವಾಗಲೇ, ಹೋಗದೆ ಉಳಿಯುವ ಜಮೀನಿನ ನೀರಿನ ಗತಿ ಏನೆಂದೂ ಕೇಳಿ. ಎಕರೆಗೆ ಇಷ್ಟು ಎಂದು ಕೊಡುವವರು ಹಳಿಯಡಿ ಹೋದ ಪಟ್ಟಿಗೆ ಮಾತ್ರ ಕೊಡುತ್ತಾರೆ.

ದರದ ಮಾತು ಬಂತು. ಆಲಮಟ್ಟಿ ಅಣೆಕಟ್ಟೆಯ ಮಟ್ಟವನ್ನು 519.6ರಿಂದ 524.256 ಮೀಟರಿಗೆ ಏರಿಸುವಾಗ ಮುಳುಗುವ ಒಣ ಬೇಸಾಯದ ಜಮೀನಿಗೆ ಎಕರೆಗೆ 30 ಲಕ್ಷ, ನೀರಾವರಿಗೆ 40 ಲಕ್ಷ ಎಂದು ರಾಜ್ಯ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ಸಂತ್ರಸ್ತರು ಎಷ್ಟೋ ವರ್ಷ ಹೋರಾಡಿ ಪಡೆದದ್ದು, ಸಿಗಲಿ. ಹಳಿಯ ಒಡ್ಡಿನ ಹಿಂದೆ ಮುಳುಗುವವನಿಗೆ ಸಿಗುವುದು ವಿಪತ್ತು ನಿಧಿಯ ದರ: 2025ರಲ್ಲಿ ಒಣ ಬೇಸಾಯಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯಲ್ಲಿ, ಮೂರನೇ ಒಂದು ಭಾಗ ಪೀಕು ಹಾಳಾಗಿದ್ದರೆ. ಅದೇ ವರ್ಷ ರಾಜ್ಯ ತನ್ನದೂ 8,500 ಸೇರಿಸಿತು. ಪಂಚನಾಮೆಯಲ್ಲಿ ಕಾರಣ ಅತಿವೃಷ್ಟಿ ಎಂದು ಬರೆಯುತ್ತಾರೆ. ಮುಂದಿನ ವರ್ಷ ಮತ್ತೆ ಅದೇ ಹೊಲ, ಅದೇ ಪಂಚನಾಮೆ, ಅದೇ ಅತಿವೃಷ್ಟಿ. ಹಳಿಯ ಕೆಳಮಗ್ಗಲಿನ ಹೊಲದಲ್ಲಿ ಅಷ್ಟೇ ಮಳೆ ಬಿದ್ದೂ ತೊಗರಿ ನಿಂತಿದೆಯಲ್ಲ, ಅದನ್ನು ಯಾವ ಕಲಮಿನಲ್ಲಿ ಬರೆಯುತ್ತಾರೆ?

ಕೆಳಸೇತುವೆಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವ ಗೋಳು. ಕಾವಲಿಲ್ಲದ ಗೇಟುಗಳನ್ನು 2019ರ ಜನವರಿ ಹೊತ್ತಿಗೆ ದೇಶದ ಬ್ರಾಡ್ ಗೇಜಿನಲ್ಲೆಲ್ಲ ಮುಚ್ಚಿ, ಹಲವು ಕಡೆ ಬದಲಿಗೆ ಹಳಿಯಡಿ ದಾರಿ ತೋಡಿದರು. ಜೀವ ಉಳಿದವು, ಒಳ್ಳೆಯದಾಯಿತು. ಆದರೆ ಸಮತಟ್ಟು ಎರೆ ಬಯಲಿನಲ್ಲಿ ನೆಲಮಟ್ಟದ ಕೆಳಗೆ ದಾರಿ ತೋಡಿದರೆ ನೀರು ಬಸಿದು ಹೋಗಲು ಇನ್ನೂ ತಗ್ಗಾದ ಜಾಗ ಬೇಕು. ಇಲ್ಲದಿದ್ದರೆ ಅದೇ ಬಾವಿ. ಕೆಲವು ಕಡೆ ರೈತರು ಅದರಿಂದಲೇ ಮೋಟಾರು ಹಚ್ಚಿ ನೀರು ಎತ್ತಿದ್ದಾರೆ.

ಕೆಲಸ ಮಾಡಬೇಕೆಂಬ ಮನಸ್ಸಿದ್ದರೆ ದೊಡ್ಡ ಖರ್ಚಿನದೇನೂ ಅಲ್ಲ. ಹಳಿ ಹಾಯುವ ಪ್ರತಿ ಊರಿನಲ್ಲಿ ಮಳೆ ನಿಂತ ಮರುದಿನವೇ ಗ್ರಾಮ ಆಡಳಿತಾಧಿಕಾರಿ, ಸರ್ವೇಯರ್, ರೈಲ್ವೆಯ ಒಬ್ಬ ಎಂಜಿನಿಯರ್, ಊರಿನ ಇಬ್ಬರು ಹಿರಿಯರು ಒಡ್ಡಿನ ಗುಂಟ ನಡೆಯಲಿ. ನೀರು ಎಲ್ಲಿ ನಿಂತಿದೆ, ಯಾವ ಸರ್ವೇ ನಂಬರು, ಹತ್ತಿರದ ಮೋರಿಯ ನಂಬರೆಷ್ಟು, ಬಾಯಿ ಎಷ್ಟು ಅಗಲ, ಎಷ್ಟು ಹೂಳು ಎಂದು ಬರೆದುಕೊಳ್ಳಲಿ. ಫೋನಿನಲ್ಲಿ ಫೋಟೊ ಹೊಡೆಯಲು ಈಗ ಯಾರಿಗೂ ಕಷ್ಟವಿಲ್ಲ. ನಾನು ಹೇಳುವ ಎರಡನೆಯ ರಿಜಿಸ್ಟರ್ ಇಷ್ಟೇ. ಅದನ್ನು ಮುಂದಿಟ್ಟುಕೊಂಡು ಡಿಸಿಯವರು 16ನೇ ಕಲಮಿನ ಅಭಿಪ್ರಾಯವನ್ನು ಸರ್ಕಾರದಿಂದ ಬರೆಸಿ ರೈಲ್ವೆಗೆ ಕಳಿಸಲಿ. ಹತ್ತು ವರ್ಷ ಮೀರಿದಲ್ಲಿ 17ನೇ ಕಲಮಿನಡಿ ರಾಜ್ಯವೇ ದುಡ್ಡು ಕಟ್ಟಲಿ. ವರ್ಷವರ್ಷವೂ ಪರಿಹಾರ ಹಂಚುವುದಕ್ಕಿಂತ ಒಂದು ಸಲ ಬಾಯಿ ದೊಡ್ಡದು ಮಾಡಿಸುವುದು ಅಗ್ಗವೇ ಆದೀತು, ಲೆಕ್ಕ ಹಾಕಿ ನೋಡಲಿ. ಬಾಗಲಕೋಟೆ–ಕುಡಚಿಯಲ್ಲೂ ಕಿತ್ತೂರು ಮಾರ್ಗದಲ್ಲೂ ಒಡ್ಡು ಏರುವ ಮೊದಲು, ಒಂದು ಮಳೆಗಾಲವನ್ನಾದರೂ ನೋಡಿ, ನೀರಿನ ದಾರಿಯ ನಕಾಶೆಯನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಲಿ. ತಪ್ಪಿದ್ದರೆ ಊರಿನವರೇ ತಿದ್ದುತ್ತಾರೆ. ಈ ಜಿಲ್ಲೆಗಳ ಸಂಸದರು ಹೊಸ ಗಾಡಿಗೆ ಹಸಿರು ಬಾವುಟ ತೋರಿಸುವಷ್ಟೇ ಉತ್ಸಾಹದಿಂದ ಇದನ್ನೂ ಕೇಳಲಿ. ಕೇಂದ್ರವೂ 2006ರ ಪಟ್ಟಿಯಲ್ಲಿ ಹೊಸ ಮಾರ್ಗಗಳನ್ನಾದರೂ ಸೇರಿಸುವ ಯೋಚನೆ ಮಾಡಲಿ, ಅದು ನನ್ನ ಜೀವಮಾನದಲ್ಲಿ ಆಗುತ್ತದೆಂಬ ಭರವಸೆ ಇಲ್ಲದಿದ್ದರೂ.

ಸದ್ಯಕ್ಕೆ ಮಿರಗ ಮಳೆಗೆ ಮುಂಚೆ ಇರುವ ಮೋರಿಗಳ ಹೂಳು, ಜಾಲಿ ಕಂಟಿ ತೆಗೆಸಿದರೂ ಆ ವರ್ಷದ ತೊಗರಿ ಅರ್ಧ ಉಳಿದೀತು. ನಡೆದು ನೋಡಲು ಯಾರಾದರೂ ಬರುವುದಾದರೆ ನನ್ನನ್ನು ಕರೆಯಲಿ. ಮೊಣಕಾಲು ನೋವಿದೆ, ಆದರೂ ನನ್ನ ಬೀಟಿನ ಮೋರಿ ನಂಬರುಗಳು ಇನ್ನೂ ಬಾಯಿಪಾಠ ಇವೆ.

— ನಿವೃತ್ತ ರೈಲ್ವೆ ಕೀಮನ್ ಮತ್ತು ರೈತ, ಡೋಣಿ ಸೀಮೆ, ವಿಜಯಪುರ ಜಿಲ್ಲೆ